ಸತ್ರದಿಂದ ಖಾನಾವಳಿಗೆ

ಗದಗಿನಿಂದ ಮೂಡಣ ದಿಕ್ಕಿಗೆ, ಕೊಪ್ಪಳ ಹೊಸಪೇಟೆಗಳ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು ಹನ್ನೆರಡು ಕಿಲೋಮೀಟರು ನಡೆದರೆ ಸಿಕ್ಕುವ ಲಕ್ಕುಂಡಿಯನ್ನು ನಮ್ಮ ಜನರು ಅದರ ದೇಗುಲಗಳಿಗಾಗಿಯೂ ಬಾವಿಗಳಿಗಾಗಿಯೂ ಬಲ್ಲರು. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಆ ಊರವರ ಬಾಯಲ್ಲಿ ಇಂದಿಗೂ ನಿಂತಿದೆ. ಆದರೆ ಕಾಶಿವಿಶ್ವೇಶ್ವರನ ದ್ವಾರಬಂಧದ ಸೂಕ್ಷ್ಮವಾದ ಕೆತ್ತನೆಯನ್ನೂ ಮಾಣಿಕೇಶ್ವರನ ಸಮೀಪದ ಮುಸುಕಿನ ಬಾವಿಯ ಸೋಪಾನಗಳನ್ನೂ ಕಂಡು ಬೆರಗಾಗಿ ಮರಳುವ ಯಾತ್ರಿಕರಲ್ಲಿ, ಇಷ್ಟೊಂದು ಗುಡಿಗಳನ್ನು ಎತ್ತಿಸಿದ, ತನ್ನ ಟಂಕಸಾಲೆಯ ಹೊನ್ನಿಗೆ ತನ್ನದೇ ಹೆಸರನ್ನು ಕೊಟ್ಟ ಆ ಸಂಪನ್ನ ಪಟ್ಟಣವು ಪರಸ್ಥಳದಿಂದ ಹಸಿದು ಬಂದವನಿಗೆ ಏನನ್ನು ಬಡಿಸುತ್ತಿತ್ತು, ಯಾರು ಬಡಿಸುತ್ತಿದ್ದರು, ಎಂದು ವಿಚಾರಿಸುವವರು ವಿರಳ. ಶಿಲ್ಪದ ಇತಿಹಾಸವನ್ನು ಬರೆದಷ್ಟು ಆದರದಿಂದ ನಾವು ಊಟದ ಇತಿಹಾಸವನ್ನು ಬರೆದಿಲ್ಲ. ಬರೆದಿದ್ದರೆ, ಇಂದು ಮಹಾನಗರಗಳಲ್ಲಿ ಎಷ್ಟೋ ತರುಣರು ಹೊಸದೆಂದು ಭಾವಿಸಿ ಕೇಳುತ್ತಿರುವ ಒಂದು ಪ್ರಶ್ನೆಗೆ ಈ ಸೀಮೆಯು ಬಹುಕಾಲದ ಹಿಂದೆಯೇ ಉತ್ತರವನ್ನು ಸಿದ್ಧಪಡಿಸಿ ಇಟ್ಟಿದೆಯೆಂಬುದು ತಿಳಿದುಬರುತ್ತಿತ್ತು.

ಆ ಪ್ರಶ್ನೆ ಇದು: ಮಾಂಸವನ್ನಂತೂ ಬಿಟ್ಟು, ಸಾಧ್ಯವಾದರೆ ಹಾಲು ಬೆಣ್ಣೆಗಳನ್ನೂ ಬಿಟ್ಟು, ಕೇವಲ ಸಸ್ಯಗಳಿಂದ ಬಂದ ಆಹಾರವನ್ನೇ ಉಣ್ಣಬೇಕೆಂದು ಸಂಕಲ್ಪಿಸಿದವನಿಗೆ ಮನೆಯಿಂದ ಹೊರಗೆ, ಅಂಗಡಿಬೀದಿಯಲ್ಲಿ, ತೃಪ್ತಿಯಾಗುವಂತಹ ಊಟ ಎಲ್ಲಿ ದೊರೆತೀತು? ಇಂಗ್ಲೆಂಡಿನಲ್ಲಿ 1944ರಲ್ಲಿ ಕೆಲವರು ಕೂಡಿ, ಮಾಂಸದೊಡನೆ ಹಾಲಿನ ಪದಾರ್ಥಗಳನ್ನೂ ವರ್ಜಿಸುವವರಿಗಾಗಿ ಒಂದು ಸಂಘವನ್ನು ಸ್ಥಾಪಿಸಿ ವೀಗನ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಆ ಹೆಸರು ಈಗ ಬೆಂಗಳೂರಿನ ಉಪಾಹಾರಗೃಹಗಳ ಫಲಕಗಳ ಮೇಲೂ ಕಾಣಿಸಿಕೊಳ್ಳುತ್ತಿದೆ. ಪ್ರಾಣಿದಯೆಯಿಂದ ಹುಟ್ಟಿದ ಯಾವ ವ್ರತವೂ ಗೌರವಾರ್ಹವಾದುದೇ. ಆದರೆ ಆ ವ್ರತವನ್ನು ಹಿಡಿದ ನಮ್ಮ ನಗರದ ತರುಣನು ದೂರದೇಶದ ಹಣ್ಣನ್ನೂ ಪರದೇಶದ ಹೆಸರಿನ ತಿನಿಸನ್ನೂ ಹೆಚ್ಚಿನ ಬೆಲೆ ತೆತ್ತು ಹುಡುಕುತ್ತಿರುವಾಗ, ಎರಡು ಬೀದಿಗಳಾಚೆ ಹಂಚಿನ ಮೇಲೆ ಜೋಳದ ರೊಟ್ಟಿ ಬೇಯುತ್ತಿರುವ ಖಾನಾವಳಿಯ ಬಾಗಿಲು ಅವನ ಕಣ್ಣಿಗೆ ಬೀಳದೆ ಹೋಗುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ. ಆ ಬಾಗಿಲಿನ ಹಿಂದಿರುವ ಪರಂಪರೆಯು ಸಾವಿರ ವರ್ಷಗಳಷ್ಟು ಉದ್ದವಾದುದು.

ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿ, ಅಂದು ಲೊಕ್ಕಿಗುಂಡಿಯೆನಿಸಿದ್ದ ಲಕ್ಕುಂಡಿಯು ಸಾವಿರ್ವರು ಮಹಾಜನರ ಅಗ್ರಹಾರವಾಗಿತ್ತು. ತೈಲಪನ ಸೇನಾನಿಯಾಗಿದ್ದ ನಾಗದೇವನ ಪತ್ನಿ ಅತ್ತಿಮಬ್ಬೆಯು, ಪತಿಯನ್ನು ಕಳೆದುಕೊಂಡ ಬಳಿಕ ವ್ರತನಿಷ್ಠೆಯಲ್ಲಿ ಉಳಿದ ಆಯುಷ್ಯವನ್ನು ಕಳೆದು, ಕ್ರಿ. ಶ. 1007ರ ಸುಮಾರಿಗೆ ಇಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ರನ್ನನಿಂದ ಅಜಿತಪುರಾಣವನ್ನು ಬರೆಸಿದಳು, ದಾನಚಿಂತಾಮಣಿಯೆಂದು ಹೆಸರಾದಳು. ಗ್ರಂಥದಾನಕ್ಕಾಗಿ ಆಕೆಯನ್ನು ಸ್ಮರಿಸುವವರು ಜೈನಧರ್ಮವು ವಿಧಿಸಿದ ನಾಲ್ಕು ದಾನಗಳ ಪಂಕ್ತಿಯಲ್ಲಿ ಶಾಸ್ತ್ರದಾನದೊಡನೆ ಆಹಾರದಾನವೂ ಇದೆಯೆಂಬುದನ್ನು ಮರೆಯಬಾರದು. ಅಭಯ, ಭೈಷಜ್ಯಗಳು ಉಳಿದೆರಡು. ಮನೆಬಾಗಿಲಿಗೆ ಬಂದ ಮುನಿಗೆ ಶುದ್ಧವಾದ ಅನ್ನವನ್ನು ನೀಡುವುದು ಶ್ರಾವಕಿಯ ನಿತ್ಯಕರ್ತವ್ಯವಾಗಿತ್ತು. ಆ ಶುದ್ಧಿಯ ಮರ್ಯಾದೆಯಾದರೋ ಅತ್ಯಂತ ಕಠಿಣವಾದುದು. ಮಾಂಸ ಮದ್ಯಗಳೊಡನೆ ಮಧುವೂ, ಎಂದರೆ ಜೇನೂ, ತ್ಯಾಜ್ಯವಾಗಿತ್ತು. ನೆಲದೊಳಗಿನ ಗೆಡ್ಡೆಗಳು ಅನಂತ ಜೀವಗಳ ಆಶ್ರಯವೆಂದು ನಿಷಿದ್ಧವಾಗಿದ್ದವು. ಸೂರ್ಯಾಸ್ತದ ಬಳಿಕ ಊಟವಿಲ್ಲ. ಇಪ್ಪತ್ತನೆಯ ಶತಮಾನದ ಪಶ್ಚಿಮದೇಶದ ವ್ರತಿಗಳು ಜೇನನ್ನು ಕುರಿತು ಚರ್ಚಿಸುವುದಕ್ಕೆ ಒಂಬತ್ತು ಶತಮಾನಗಳ ಮುನ್ನವೇ ಈ ಎರೆಯ ನೆಲದ ಅಡುಗೆಮನೆಯಲ್ಲಿ ಆ ಚರ್ಚೆ ಮುಗಿದಿತ್ತು. ಆದರೆ ಹಾಲು ತುಪ್ಪಗಳನ್ನು ಆ ಕಾಲದವರು ವರ್ಜಿಸಲಿಲ್ಲವೆಂಬುದನ್ನೂ ಸತ್ಯಕ್ಕಾಗಿ ಹೇಳಬೇಕು.

ಜಿನಾಲಯದಲ್ಲಿದ್ದುದು ಶಿವಾಲಯದಲ್ಲಿಯೂ ಇತ್ತು. ಆ ಕಾಲದ ಕನ್ನಡ ಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳಿಗೆ, ಜೀರ್ಣೋದ್ಧಾರಕ್ಕೆ ಎಂದು ಭೂಮಿಯನ್ನು ಬಿಟ್ಟುಕೊಡುವ ವಾಕ್ಯದ ಬೆನ್ನಿಗೇ ತಪೋಧನರ ಊಟಕ್ಕೆ, ಓದುವ ಮಕ್ಕಳ ಅನ್ನವಸ್ತ್ರಕ್ಕೆ, ಸತ್ರಕ್ಕೆ ಎಂಬ ವಿನಿಯೋಗಗಳೂ ಮತ್ತೆ ಮತ್ತೆ ಬರುತ್ತವೆ. ಸತ್ರವೆಂದರೆ ಹಸಿದವನು ಹಣ ಕೊಡದೆ ಉಣ್ಣಬಹುದಾದ ಸ್ಥಳ. ಅದಕ್ಕೆ ಮೂಲಧನ ಹೊಲದ ಬೆಳೆ. ಆದುದರಿಂದ ಸತ್ರದ ಎಲೆಯ ಮೇಲೆ ಬಿದ್ದುದೆಲ್ಲ, ಸ್ವಲ್ಪ ತುಪ್ಪ ಮೊಸರುಗಳ ಹೊರತು, ಆ ದತ್ತಿಯ ನೆಲದಲ್ಲಿ ಬೆಳೆದ ಧಾನ್ಯ, ಕಾಳು, ಕಾಯಿಪಲ್ಯವೇ ಆಗಿರಬೇಕು.

ಅಂದಿನ ಪಾಕದ ಸ್ವರೂಪವನ್ನು ತಿಳಿಯಲು ನಮಗೆ ಎರಡು ಅಮೂಲ್ಯ ಸಾಕ್ಷ್ಯಗಳಿವೆ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ಬರೆದ ಲೋಕೋಪಕಾರವು ಜಲಶೋಧನೆ, ವೃಕ್ಷಾಯುರ್ವೇದ, ಗಂಧಯುಕ್ತಿಗಳೊಡನೆ ಸೂಪಶಾಸ್ತ್ರವನ್ನೂ ಕನ್ನಡಿಗರ ಮನೆವಾರ್ತೆಗೆ ಬೇಕಾದ ವಿದ್ಯೆಯೆಂದು ಎಣಿಸಿ ವಿವರಿಸುತ್ತದೆ. ಅದಾದ ನೂರು ವರ್ಷಗಳ ಮೇಲೆ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಅರಸನ ಅನ್ನಭೋಗದ ವರ್ಣನೆ ಬರುತ್ತದೆ. ಅಲ್ಲಿ ಇಡ್ಲಿ ದೋಸೆಗಳ ಪೂರ್ವಜರೂ ಇದ್ದಾರೆ, ಮಾಂಸದ ಪಾಕಗಳೂ ಧಾರಾಳವಾಗಿವೆ. ಆದುದರಿಂದ ಚಾಲುಕ್ಯರ ನಾಡು ಸಮಗ್ರವಾಗಿ ಶಾಕಾಹಾರಿಯಾಗಿತ್ತೆಂದು ಹೇಳುವುದು ಇತಿಹಾಸಕ್ಕೆ ಬಗೆದ ದ್ರೋಹವಾದೀತು. ಅರಸನ ಬಾಣಸಿನಲ್ಲಿ ಬೇಟೆಯ ಮಾಂಸ ಬೇಯುತ್ತಿದ್ದಿತು. ಸಾರ್ವಜನಿಕವಾಗಿ, ಧರ್ಮಾರ್ಥವಾಗಿ, ಅಪರಿಚಿತನಿಗೆ ಬಡಿಸುವ ಊಟ ಮಾತ್ರ ಸಸ್ಯಮೂಲವಾಗಿದ್ದಿತು. ಮುಂದಿನ ಶತಮಾನಗಳಲ್ಲಿ ಬೆಳೆದು ಬಂದ ಪದ್ಧತಿಗೆಲ್ಲ ಈ ಭೇದವೇ ಬುನಾದಿ.

ಅಂದಿನ ಎಲೆಯ ಮೇಲೆ ಇಂದಿನ ಖಾನಾವಳಿಯ ಎರಡು ಮುಖ್ಯ ವಸ್ತುಗಳು ಇರಲಿಲ್ಲವೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಮೆಣಸಿನಕಾಯಿಯೂ ಶೇಂಗಾ ಬೀಜವೂ ಅಮೆರಿಕ ಖಂಡದ ಬೆಳೆಗಳು; ಪೋರ್ತುಗೀಸರ ಹಡಗುಗಳು ನಮ್ಮ ಕರಾವಳಿಗೆ ಬಂದುದು 1498ರಲ್ಲಿ, ಆಮೇಲಷ್ಟೆ ಅವು ಈ ನಾಡಿನ ನೆಲವನ್ನು ಕಂಡುದು. ಬ್ಯಾಡಗಿಯ ಮೆಣಸಿನಕಾಯಿಯ ಕೆಂಪನ್ನು ಅತ್ತಿಮಬ್ಬೆ ಕಾಣಲಿಲ್ಲ. ಆಕೆಯ ಕಾಲದ ಖಾರ ಕರಿಮೆಣಸಿನದು, ಶುಂಠಿಯದು. ಜಿಡ್ಡು ಎಳ್ಳು ಕುಸುಬೆಗಳದು. ಜೋಳವಾದರೋ ಅದಕ್ಕೂ ಎಷ್ಟೋ ಸಹಸ್ರವರ್ಷಗಳ ಪೂರ್ವದಲ್ಲಿ ಆಫ್ರಿಕದಿಂದ ಬಂದು ದಖ್ಖನ್ನಿನ ಮಗಳೇ ಆಗಿಹೋಗಿತ್ತು. ಹೀಗೆ ನಾವು ಸನಾತನವೆಂದು ಭಾವಿಸುವ ಊಟವೂ ಕಾಲಕಾಲಕ್ಕೆ ಪರದೇಶದ ಬೀಜಗಳನ್ನು ಒಳಗೆ ಕರೆದುಕೊಂಡು ಬೆಳೆದಿದೆ.

ಈ ಸೀಮೆಯ ನೆಲವನ್ನು ಬಲ್ಲವರಿಗೆ ಅದರ ಊಟವು ಹೀಗೇಕೆ ಎಂದು ಬೇರೆ ಹೇಳಬೇಕಾಗಿಲ್ಲ. ಮಳೆ ಕಡಿಮೆಯಾದ, ತೇವವನ್ನು ಆಳದಲ್ಲಿ ಹಿಡಿದಿಡುವ ಎರೆಭೂಮಿಯಲ್ಲಿ ಮಳೆಗಾಲದ ಕಡೆಯಲ್ಲಿ ಬಿತ್ತಿದ ಹಿಂಗಾರಿ ಜೋಳವು ಚಳಿಗಾಲದ ಇಬ್ಬನಿಯನ್ನು ಕುಡಿದು ಬೆಳೆಯುತ್ತದೆ. ಅದರ ಜೊತೆಗೆ ಕಡಲೆ, ಕುಸುಬೆ, ಅಗಸೆ. ಎಳ್ಳಮಾವಾಸ್ಯೆಯ ದಿನ ರೈತನು ಮನೆಮಂದಿಯನ್ನೆಲ್ಲ ಬಂಡಿಯಲ್ಲಿ ಕೂರಿಸಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುವಾಗ, ಸಜ್ಜೆಯ ರೊಟ್ಟಿ, ಜೋಳದ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಹೋಳಿಗೆಗಳ ಒಂದೊಂದು ತುಣುಕು ಪೈರಿನ ಬುಡಕ್ಕೆ ಬೀಳುತ್ತದೆ. ನೆಲದಿಂದ ಬಂದುದನ್ನು ಮೊದಲು ನೆಲಕ್ಕೇ ಉಣಿಸಿ ಬಳಿಕ ಬಂಧುಗಳೊಡನೆ, ದಾರಿಹೋಕರೊಡನೆ ಹೊಲದಲ್ಲಿಯೇ ಕುಳಿತು ಉಣ್ಣುವ ಈ ಆಚರಣೆಗಿಂತ ಸುಂದರವಾದ ಸಹಪಂಕ್ತಿಯನ್ನು ನಾನು ಬೇರೆಲ್ಲಿಯೂ ಅರಿಯೆ.

ಹನ್ನೆರಡನೆಯ ಶತಮಾನದ ಶರಣರು ಸತ್ರದ ಕಲ್ಪನೆಯನ್ನು ತಲೆಕೆಳಗು ಮಾಡಿದರು. ಅರಸನ ಅಥವಾ ಸಿರಿವಂತನ ದತ್ತಿಯಿಂದ ನಡೆಯುತ್ತಿದ್ದ ಅನ್ನದಾನದ ಸ್ಥಾನದಲ್ಲಿ, ಪ್ರತಿಯೊಬ್ಬನೂ ತನ್ನ ಕಾಯಕದಿಂದ ಗಳಿಸಿದುದನ್ನು ಜಂಗಮಕ್ಕೆ ನೀಡಿ ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವ ದಾಸೋಹವನ್ನು ಅವರು ಸ್ಥಾಪಿಸಿದರು; ಕೊಡುವವನಿಗೆ ದಾತನೆಂಬ ಹಮ್ಮು ಉಳಿಯಲು ಅಲ್ಲಿ ಎಡೆಯಿರಲಿಲ್ಲ. ಶರಣ ಅಜಗಣ್ಣನೂ ಆತನ ತಂಗಿ ಮುಕ್ತಾಯಕ್ಕನೂ ಲಕ್ಕುಂಡಿಯವರೆಂದು ಸಂಪ್ರದಾಯವು ಹೇಳುತ್ತದೆ. ಆ ದಾಸೋಹವು ಮಠಗಳ ಮೂಲಕ ಇಂದಿನವರೆಗೆ ನಡೆದುಬಂದಿದೆ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ಸಂದರ್ಭದಲ್ಲಿ ರೊಟ್ಟಿ ಜಾತ್ರೆಯೆಂಬುದೊಂದು ನಡೆಯುತ್ತದೆ. ಹಳ್ಳಿಯ ಮನೆಮನೆಗಳಲ್ಲಿ ಬಡಿದ ಖಡಕ್ ರೊಟ್ಟಿಯನ್ನು ಕರಿಂಡಿಯೊಡನೆ ಜಾತಿಮತಗಳ ಎಣಿಕೆಯಿಲ್ಲದೆ ಎಲ್ಲರೂ ಕೂಡಿ ಉಣ್ಣುತ್ತಾರೆ. ಲಕ್ಕುಂಡಿಯ ಹೆದ್ದಾರಿಯಲ್ಲಿಯೇ ಇನ್ನೂ ಮುಂದಕ್ಕೆ ಹೋದರೆ ಕೊಪ್ಪಳದ ಗವಿಮಠದ ಮಹಾದಾಸೋಹಕ್ಕೆ ಸುತ್ತಣ ಗ್ರಾಮಗಳಿಂದ ರೊಟ್ಟಿಗಳು ಲಕ್ಷಗಟ್ಟಲೆ ಬಂದು ಸೇರುತ್ತವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧಬಾಲಕರಿಗೆ ಸಂಗೀತವನ್ನು ಕಲಿಸಿದುದನ್ನು ಲೋಕವೆಲ್ಲ ಕೊಂಡಾಡುತ್ತದೆ. ಆ ಮಕ್ಕಳ ಹೊಟ್ಟೆಗೆ ಊರೂರಿನ ಭಕ್ತರು ತಂದಿಕ್ಕಿದ ಜೋಳದ ಚೀಲಗಳೂ ಆ ಸಂಗೀತದ ಶ್ರುತಿಯಲ್ಲಿ ಸೇರಿವೆಯೆಂಬುದನ್ನು ನೆನೆಯುವವರು ಸ್ವಲ್ಪ ಜನ.

ಇಷ್ಟೆಲ್ಲ ಇದ್ದರೂ ಇದು ಧರ್ಮದ ಊಟ. ಹಣ ಕೊಟ್ಟು ಉಣ್ಣುವ ಊಟವು ಬೇರೆ ಕಾರಣಗಳಿಂದ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಗದಗನ್ನು ಸೊಲ್ಲಾಪುರದ ಕಡೆಯ ಹೋಟಗಿಗೂ ಹುಬ್ಬಳ್ಳಿ ಬಳ್ಳಾರಿಗಳಿಗೂ ಜೋಡಿಸಿದಾಗ, ಈ ಊರು ಹತ್ತಿಯ ದೊಡ್ಡ ಪೇಟೆಯಾಗಿ ಬೆಳೆಯಿತು. ಅರಳೆಯನ್ನು ಹಿಂಜುವ, ಒತ್ತುವ ಕಾರಖಾನೆಗಳು ಎದ್ದವು, ಬೆಟಗೇರಿಯಲ್ಲಿ ಮಗ್ಗಗಳು ಮೊದಲೇ ಇದ್ದವು, ಮುದ್ರಣಾಲಯಗಳು ಬಂದವು. ಹತ್ತಿ ಮಾರಲು ಬಂದ ರೈತ, ದಲಾಲಿ ಅಂಗಡಿಯ ಗುಮಾಸ್ತ, ನ್ಯಾಯಾಲಯದ ಕಟ್ಟೆಯ ಮೇಲೆ ಸರದಿ ಕಾಯುವ ಕಕ್ಷಿಗಾರ, ಪರವೂರಿನ ವಿದ್ಯಾರ್ಥಿ, ಇವರೆಲ್ಲರೂ ಮಧ್ಯಾಹ್ನದ ಹೊತ್ತಿಗೆ ಎಲ್ಲಿ ಉಣ್ಣಬೇಕು? ಬಡ ಬ್ರಾಹ್ಮಣ ವಿದ್ಯಾರ್ಥಿಗೆ ವಾರಕ್ಕೊಂದು ದಿನದಂತೆ ಏಳು ಮನೆಗಳಲ್ಲಿ ಉಣ್ಣುವ ವಾರಾನ್ನವಿತ್ತು. ಲಿಂಗವಂತರ ಮಕ್ಕಳಿಗೆ ಮಠಗಳ ಪ್ರಸಾದನಿಲಯಗಳಿದ್ದವು. ದುಡಿಯುವವರಿಗೆ ಈ ಎರಡೂ ಸಲ್ಲವು. ಆಗ ಮನೆಯ ಪಡಸಾಲೆಯಲ್ಲಿಯೇ ನಾಲ್ಕು ಮಣೆಗಳನ್ನು ಹಾಕಿ, ತಮ್ಮ ಮನೆಯವರು ಉಣ್ಣುವ ಅಡುಗೆಯನ್ನೇ ಪರರಿಗೂ ದರಕ್ಕೆ ಬಡಿಸುವ ವೃತ್ತಿಯೊಂದು ಹುಟ್ಟಿ, ಖಾನಾವಳಿಯೆಂಬ ಹೆಸರನ್ನು ಪಡೆಯಿತು. ಎಷ್ಟೋ ಖಾನಾವಳಿಗಳು ಹೆಣ್ಣುಮಕ್ಕಳ ರಟ್ಟೆಯ ಬಲದಿಂದ ನಿಂತವು. ಹೊರಗೆ ಗಲ್ಲೆಯ ಮೇಲೆ ಗಂಡಸು ಕುಳಿತಿದ್ದರೂ, ಒಳಗೆ ಒಲೆಯ ಮುಂದೆ ಬೆಳಗಿನಿಂದ ರೊಟ್ಟಿ ಬಡಿಯುವ ಕೈ ಬಹುತೇಕ ಆಕೆಯದೇ.

ಖಾನಾವಳಿಗೂ ಉಡುಪಿಯ ಹೋಟೆಲಿಗೂ ಇರುವ ಅಂತರ ಇಲ್ಲಿಯೇ. ದಕ್ಷಿಣ ಕನ್ನಡದಿಂದ ಹೊರಟ ಸಾಹಸಿಗಳು ಮದರಾಸು, ಮುಂಬಯಿ, ಬೆಂಗಳೂರುಗಳಲ್ಲಿ ಶಾಕಾಹಾರದ ಹೋಟೆಲುಗಳನ್ನು ತೆರೆದು ಇಡೀ ಭಾರತಕ್ಕೆ ಮಹೋಪಕಾರ ಮಾಡಿದರು; ಬೆಂಗಳೂರಿನಲ್ಲಿ 1924ರಲ್ಲಿ ಮಯ್ಯ ಸೋದರರ ಮಾವಳ್ಳಿಯ ಹೋಟೆಲೂ, ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗೂ ಆರಂಭವಾದುವು. ಆದರೆ ಆ ಹೋಟೆಲುಗಳ ಕೀರ್ತಿಯು ತುಪ್ಪದ ದೋಸೆ, ಹಾಲಿನ ಕಾಫಿಗಳನ್ನು ಬಿಟ್ಟಿಲ್ಲ. ಖಾನಾವಳಿಯ ತಟ್ಟೆಯನ್ನು ಪರೀಕ್ಷಿಸಿ ನೋಡಿರಿ. ಕುದಿಯುವ ಎಸರಿನಲ್ಲಿ ಕಲಸಿ, ಚೆನ್ನಾಗಿ ನಾದಿ, ಅಂಗೈಯಿಂದ ಬಡಿದು ಹಿಗ್ಗಿಸಿ, ಹಂಚಿನ ಮೇಲೆ ಹಾಕಿ ಮೇಲ್ಮೈಗೆ ನೀರು ಸವರಿ, ಬೆಂಕಿಗೆ ಹಿಡಿದು ಉಬ್ಬಿಸಿದ ರೊಟ್ಟಿಯಲ್ಲಿ ಜೋಳ ಮತ್ತು ನೀರಿನ ಹೊರತು ಏನೂ ಇಲ್ಲ. ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡಿಸದೆ ಸೀಳಿ, ಹುರಿದ ಶೇಂಗಾ, ಎಳ್ಳು, ಗುರೆಳ್ಳುಗಳ ಮಸಾಲೆಯನ್ನು ತುಂಬಿದ ಎಣ್ಣೆಗಾಯಿಯ ಜಿಡ್ಡೆಲ್ಲ ಬೀಜಗಳದು. ಹೆಸರಿನದೋ ಮಡಿಕೆಯದೋ ಮೊಳಕೆಕಾಳಿನ ಪಲ್ಯ, ಕಡಲೆಹಿಟ್ಟಿನ ಝುಣಕ, ಜೋಳದ ನುಚ್ಚು ಬೆರೆಸಿದ ಪುಂಡಿಪಲ್ಯ, ಬೇಳೆಯ ಸಾರು. ಬದಿಯಲ್ಲಿ ಅಗಸೆಯ ಹಿಂಡಿ, ಗುರೆಳ್ಳಿನ ಹಿಂಡಿ, ಶೇಂಗಾ ಹಿಂಡಿ, ಕೆಂಪು ಖಾರದ ರಂಜಕ. ಅವುಗಳ ಮಗ್ಗುಲಲ್ಲಿ ಹಸಿಯ ಹಕ್ಕರಿಕೆ, ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಸವತೆಕಾಯಿ. ಧಾನ್ಯದ ಕೊರತೆಯನ್ನು ಕಾಳು ತುಂಬುತ್ತದೆ, ಕಾಳಿನ ಒಣತನವನ್ನು ಎಣ್ಣೆಬೀಜ ಸರಿಮಾಡುತ್ತದೆ, ಎರಡಕ್ಕೂ ಹಸಿಯ ಎಲೆ ತಂಪನ್ನು ಕೊಡುತ್ತದೆ. ಬೆಣ್ಣೆಯ ಉಂಡೆಯೂ ಗಟ್ಟಿಮೊಸರೂ ಬರುವುದುಂಟು, ಮತ್ತು ಅವುಗಳ ರುಚಿಯನ್ನು ಅಲ್ಲಗಳೆಯಲಾರೆ. ಆದರೆ ಅವು ಮೇಲೆ ಬಂದು ಕೂಡಿಕೊಂಡ ಅತಿಥಿಗಳು, ಅವು ಬೇಡವೆಂದವನ ತಟ್ಟೆ ಬರಿದಾಗುವುದಿಲ್ಲ. ‘ಇನ್ನೊಂದ್ ರೊಟ್ಟಿ ಹಾಕಲೇನ್ರೀ ಅಣ್ಣಾರ?’ ಎಂದು ಕೇಳುತ್ತ ಉತ್ತರಕ್ಕೆ ಕಾಯದೆ ಬಡಿಸುವ ಆ ಔದಾರ್ಯವು ಸತ್ರದ ಕಾಲದಿಂದ ಉಳಿದುಬಂದುದೆಂದು ನಾನು ನಂಬಿದ್ದೇನೆ.

ಊಟವನ್ನು ಇಷ್ಟು ಹೊಗಳಿದ ಮೇಲೆ ಬಾಗಿಲನ್ನು ಕುರಿತು ಮೌನವಾಗಿರುವುದು ಅನ್ಯಾಯ. ಖಾನಾವಳಿಯ ಫಲಕದ ಮೇಲೆ ಲಿಂಗಾಯತ, ವೀರಶೈವ, ಬ್ರಾಹ್ಮಣ ಎಂಬ ಪದಗಳು ಬಹುಕಾಲ ಇದ್ದವು; ಒಳಗೆ ಬೇಯುವುದು ಶಾಕಾಹಾರವೆಂಬುದಕ್ಕೆ ಅದು ಸೂಚನೆಯಾಗಿದ್ದಂತೆಯೇ, ಸಾವಜಿ ಖಾನಾವಳಿಯೆಂದರೆ ಮಾಂಸದ ಖಾರವಾದ ಅಡುಗೆಯೆಂದು ಗದಗ ಬೆಟಗೇರಿ ಹುಬ್ಬಳ್ಳಿಗಳಲ್ಲಿ ಇಂದಿಗೂ ಎಲ್ಲರೂ ತಿಳಿಯುತ್ತಾರೆ. ಆದರೆ ಆ ಪದಗಳು ಆಹಾರವನ್ನು ತಿಳಿಸಿದುದರ ಜೊತೆಗೆ ಮನುಷ್ಯರನ್ನೂ ವಿಂಗಡಿಸಿದವು. ಉಪಾಹಾರಗೃಹಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿ, ಅಸ್ಪೃಶ್ಯರೆನಿಸಿಕೊಂಡವರಿಗೆ ಹೊರಗಡೆ ಬೇರೆ ಬಟ್ಟಲು, ಹಲವೆಡೆ ಪ್ರವೇಶವೇ ಇಲ್ಲ, ಎಂಬುದು ನಮ್ಮ ನಾಡಿನ ಲಜ್ಜಾಸ್ಪದವಾದ ಸತ್ಯ. ಪ್ರಾಣಿಯ ನೋವಿಗೆ ಮರುಗಿದ ಅಡುಗೆಯು ಮನುಷ್ಯನ ಅವಮಾನಕ್ಕೆ ಮರುಗದೆ ಹೋಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿಯು ಅಂಗಡಿ, ಹೋಟೆಲು, ಸಾರ್ವಜನಿಕ ಭೋಜನಗೃಹಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಆಜ್ಞಾಪಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಅದಕ್ಕೆ ದಂಡನೆಯ ಬಲವನ್ನು ಕೊಟ್ಟಿತು. ಖಾನಾವಳಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಘಟನೆ ಬೇರೊಂದಿಲ್ಲವೆಂದು ನನ್ನ ಮತ. ದಾಸೋಹದ ಹೆಸರನ್ನು ಹೇಳುವವರು ಎಂಟು ಶತಮಾನ ತಡವಾಗಿಯಾದರೂ ಆ ಮಾತಿಗೆ ಬದ್ಧರಾಗಬೇಕಾಯಿತು.

ಉತ್ತರ ಕರ್ನಾಟಕದ ಜನ ಉದ್ಯೋಗಕ್ಕಾಗಿ ರಾಜಧಾನಿಗೆ ಹೋದಂತೆಲ್ಲ ಖಾನಾವಳಿಯೂ ಅವರನ್ನು ಹಿಂಬಾಲಿಸಿತು. ಗಾಂಧಿನಗರದ ಕಾಮತ್ ಹೋಟೆಲು ಜೋಳದ ರೊಟ್ಟಿಯ ಊಟವನ್ನು ದಕ್ಷಿಣದವರ ನಾಲಗೆಗೂ ಪರಿಚಯಿಸಿತು. ರಾಜಾಜಿನಗರ, ವಿಜಯನಗರಗಳ ಬೀದಿಗಳಲ್ಲಿ ಈಗ ಬಸವೇಶ್ವರನ ಹೆಸರಿನ, ಊರಿನ ಹೆಸರಿನ ಖಾನಾವಳಿಗಳು ಸಣ್ಣಸಣ್ಣ ಕೋಣೆಗಳಲ್ಲಿ ನಡೆಯುತ್ತಿವೆ. ಶುದ್ಧ ಸಸ್ಯಾಹಾರವನ್ನು ಅರಸಿ ಮಹಾನಗರವನ್ನು ಅಲೆಯುವವರಿಗೆ ನನ್ನ ಸಲಹೆ ಇಷ್ಟೆ: ಅಲ್ಲಿಗೆ ಮಧ್ಯಾಹ್ನ ಹೋಗಿ, ಬೆಣ್ಣೆ ತುಪ್ಪ ಮೊಸರುಗಳು ಬೇಡವೆಂದು ಬಡಿಸುವ ಮುನ್ನವೇ ಹೇಳಿರಿ, ಹೋಳಿಗೆಯಿದ್ದ ದಿನ ಅದರ ಮೇಲೆ ಸುರಿಯುವ ತುಪ್ಪವನ್ನೂ ನೆನಪಿನಲ್ಲಿಡಿರಿ, ಒಗ್ಗರಣೆಗೆ ಎಣ್ಣೆಯೋ ತುಪ್ಪವೋ ಎಂದು ಕೇಳಲು ಸಂಕೋಚಪಡಬೇಡಿರಿ. ಮನೆಯ ಅಡುಗೆಯನ್ನು ಬಡಿಸುವವರು ಈ ಪ್ರಶ್ನೆಗೆ ಸಂತೋಷದಿಂದ ಉತ್ತರ ಕೊಡುತ್ತಾರೆ.

ಇನ್ನೊಂದು ವಿಜ್ಞಾಪನೆಯು ವಿದ್ವಾಂಸರಿಗೆ. ಲೊಕ್ಕಿಗುಂಡಿಯ ಸತ್ರಗಳ ಕಾಲವನ್ನು ನಾವು ಬಲ್ಲೆವಾದರೆ ಅದು ಕಲ್ಲಿನ ಮೇಲೆ ಅಕ್ಷರವನ್ನು ಕೊರೆದವರ ಉಪಕಾರದಿಂದ. ಖಾನಾವಳಿಗಳಿಗೆ ಶಾಸನಗಳಿಲ್ಲ, ಅವುಗಳ ಚರಿತ್ರೆಯೆಲ್ಲ ತಿಂಗಳ ಊಟದವರ ಲೆಕ್ಕದ ಹಳೆಯ ವಹಿಗಳಲ್ಲಿಯೂ ರೊಟ್ಟಿ ಬಡಿದು ಮುದುಕಿಯರಾದ ತಾಯಂದಿರ ನೆನಪಿನಲ್ಲಿಯೂ ಅಡಗಿದೆ. ವಹಿಗಳನ್ನು ಗೆದ್ದಲು ತಿನ್ನುತ್ತಿದೆ. ಆ ತಾಯಂದಿರಿಗೂ ವಯಸ್ಸಾಗುತ್ತಿದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಾಲೇಜುಗಳಲ್ಲಿ ಇತಿಹಾಸವನ್ನು ಬೋಧಿಸುವವರು ತಮ್ಮ ವಿದ್ಯಾರ್ಥಿಗಳನ್ನು ಈ ವರ್ಷವೇ ಅವರ ಬಳಿಗೆ ಕಳುಹಿಸಿ, ಯಾರು ಯಾವಾಗ ಎಲ್ಲಿ ಒಲೆ ಹೂಡಿದರು, ಯಾರಿಗೆ ಬಡಿಸಿದರು, ಯಾರಿಗೆ ಬಾಗಿಲು ತೆರೆಯಲಿಲ್ಲ, ಎಂದು ತೆರೆದರು ಎಂಬುದನ್ನೆಲ್ಲ ಬರೆಯಿಸಿಕೊಳ್ಳಬೇಕು.